ಬಾವಿಗೆ ಉಪ್ಪುನೀರು ಬಂದ ಕಾಲ

ಇಸ್ರೇಲಿನ ಹೈಫಾ ನಗರದ ದಕ್ಷಿಣಕ್ಕೆ, ಕಾರ್ಮೆಲ್ ಬೆಟ್ಟಸಾಲಿನ ಬುಡದಲ್ಲಿ ಅಟ್ಲಿಟ್ ಎಂಬ ಕಡಲೂರು ಇದೆ. ಅದರ ಎದುರಿನ ಕೊಲ್ಲಿಯಲ್ಲಿ ದಡ ಬಿಟ್ಟು ಇನ್ನೂರು ಮುನ್ನೂರು ಮೀಟರ್ ಹೋಗಿ, ಹತ್ತು ಮೀಟರಿನಷ್ಟು ಕೆಳಗಿಳಿದರೆ ಒಂದು ಬಾವಿ ಸಿಗುತ್ತದೆ. ಒಂದೂವರೆ ಮೀಟರ್ ಅಗಲ, ಐದೂವರೆ ಮೀಟರ್ ಆಳ. ಮೇಲ್ಭಾಗದಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಒಳಗೋಡೆ. ತೋಡಿದವರು ಕುಡಿಯುವ ನೀರಿಗಾಗಿಯೇ ಅದನ್ನು ತೋಡಿದ್ದರು. ಅವರ ಕಾಲಕ್ಕೆ ಕಡಲು ಸುಮಾರು ಒಂದು ಕಿಲೋಮೀಟರ್ ಪಶ್ಚಿಮಕ್ಕಿತ್ತು. ನೀರಿನ ಮಟ್ಟ ಇವತ್ತಿಗಿಂತ ಹದಿನಾರು ಮೀಟರಿನಷ್ಟು ಕೆಳಗಿತ್ತು.

ಬಾವಿಯ ಸುತ್ತ ಊರೂ ಇದೆ. ಪುರಾತತ್ತ್ವಜ್ಞ ಎಹುದ್ ಗಲೀಲಿ 1984ರಲ್ಲಿ ಪತ್ತೆಹಚ್ಚಿದ ಆ ಊರಿಗೆ ಅಟ್ಲಿಟ್ ಯಾಮ್ ಎಂದು ಹೆಸರು. ಕ್ರಿ.ಪೂ. 6900ರಿಂದ 6300ರ ನಡುವೆ ಅಲ್ಲಿ ಜನ ಬಾಳಿದ್ದರು. ಮಡಕೆ ಮಾಡುವ ವಿದ್ಯೆ ಇನ್ನೂ ಬಂದಿರಲಿಲ್ಲ. ಆದರೆ ಗೋಧಿ, ಬಾರ್ಲಿ ಬೆಳೆಯುತ್ತಿದ್ದರು, ಆಡು, ದನ, ಹಂದಿ ಸಾಕಿದ್ದರು, ಕಲ್ಲಿನ ಮನೆ ಕಟ್ಟಿಕೊಂಡಿದ್ದರು, ಸತ್ತವರನ್ನು ಮನೆಯೊಳಗೋ ಮನೆಯ ಪಕ್ಕದಲ್ಲೋ ಹೂಳುತ್ತಿದ್ದರು. ಸುಮಾರು ಹತ್ತು ಎಕರೆ ಹರಹಿನ ಊರು. ಊರಿನ ಒಂದು ಕಡೆ ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿದ ಏಳು ದೊಡ್ಡ ಕಲ್ಲುಗಳಿವೆ; ಕೆಲವು 600 ಕಿಲೋ ತೂಗುತ್ತವೆ. ಪತ್ರಿಕೆಗಳಲ್ಲಿ ಹೆಚ್ಚಾಗಿ ಬರುವುದು ಈ ಕಲ್ಲುಗಳ ಚಿತ್ರವೇ. ನನಗೆ ಮಾತ್ರ ಇಡೀ ಊರಿನಲ್ಲಿ ಆ ಬಾವಿಗಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ ಅನ್ನಿಸುತ್ತದೆ.

ಕಡಲತೀರದಲ್ಲಿ ಬಾವಿ ತೋಡಿದವರಿಗೆ ಅದರ ಗುಣ ಗೊತ್ತು. ಮಳೆಯ ಸಿಹಿನೀರು ಹಗುರ. ಅದು ಮಣ್ಣಿನೊಳಗಿನ ಉಪ್ಪುನೀರಿನ ಮೇಲೆ ತೇಲುತ್ತ ನಿಂತಿರುತ್ತದೆ. ಕಡಲು ಏರಿದರೆ ಉಪ್ಪುನೀರಿನ ಪದರವೂ ಏರುತ್ತ ಒಳನಾಡಿನತ್ತ ಸರಿಯುತ್ತದೆ. ಅಲೆ ಅಂಗಳಕ್ಕೆ ಬರುವ ಎಷ್ಟೋ ಮೊದಲೇ ಕಡಲು ಬಾವಿಗೆ ಬಂದಿರುತ್ತದೆ. ಅಟ್ಲಿಟ್ ಯಾಮಿನಲ್ಲಿ ಆದದ್ದು ಅದೇ. ನೀರು ಸವುಳಾಯಿತು, ಕುಡಿಯಲಾಗದಂತಾಯಿತು. ಆಮೇಲೆ ಜನ ಆ ಬಾವಿಯನ್ನು ಕಸದ ಗುಂಡಿ ಮಾಡಿಕೊಂಡರು. ಪ್ರಾಣಿಗಳ ಎಲುಬು, ಒಡೆದ ಚಕಮಕಿ ಕಲ್ಲು, ಕಾಳು, ಬೀಜ, ಎಲ್ಲವೂ ಒಳಕ್ಕೆ ಬಿದ್ದವು. ಗಮನಿಸಬೇಕಾದ ಸಂಗತಿ ಇದು: ಬಾವಿ ಕೆಟ್ಟ ಮೇಲೂ ಕಸ ಹಾಕಲು ಅಲ್ಲಿ ಜನವಿದ್ದರು. ನೀರು ಕೆಟ್ಟ ಮರುದಿನವೇ ಯಾರೂ ಗಂಟುಮೂಟೆ ಕಟ್ಟಲಿಲ್ಲ.

ಮುಳುಗಿದ ಊರು ಎಂದೊಡನೆ ನಮ್ಮ ಮನಸ್ಸು ಪ್ರಳಯವನ್ನು ಹುಡುಕುತ್ತದೆ. ಒಂದು ರಾತ್ರಿ, ಒಂದು ಅಲೆ, ಎಲ್ಲವೂ ನಾಶ. ಕಥೆಗೆ ಅದು ಒಪ್ಪುತ್ತದೆ. ಆದರೆ ಕಡಲತಳದ ಅವಶೇಷಗಳು ಹೇಳುವುದು ಬೇರೆಯದನ್ನು. ಅವು ಹೇಳುವುದು ತಲೆಮಾರುಗಳ ಹೊಂದಾಣಿಕೆಯನ್ನು, ಹಿಂದೆ ಸರಿದದ್ದನ್ನು, ಕೆಲವೊಮ್ಮೆ ಜಗಳಕ್ಕೆ ನಿಂತದ್ದನ್ನು. ಆ ಜನರಿಗೆ ನಾವು ಕೊಡಬೇಕಾದ ಮರ್ಯಾದೆ ಇರುವುದು ಈ ನಿಧಾನವನ್ನು ಓದುವುದರಲ್ಲಿ.

ಕಸ ಹೇಳಿದ ಸಂಗತಿ

ಬಾವಿಯ ಕಸದೊಳಗೆ ಒಂದು ಹುಳು ಸಿಕ್ಕಿತು. ದಾಸ್ತಾನು ಮಾಡಿದ ಗೋಧಿಗೆ ಬೀಳುವ ಮೂತಿಹುಳು. ಈ ಜಾತಿಯ ಹುಳುವಿಗೆ ಹಾರಲು ಬಾರದು. ಮನುಷ್ಯ ಧಾನ್ಯ ಕೂಡಿಟ್ಟಲ್ಲಿ ಮಾತ್ರ ಬದುಕಿ, ಧಾನ್ಯದ ಜೊತೆಗೇ ಊರಿಂದೂರಿಗೆ ಹೋಗುತ್ತದೆ. ಅಂದರೆ ಅಟ್ಲಿಟ್ ಯಾಮಿನವರು ಸುಗ್ಗಿಯಲ್ಲಿ ಬಂದದ್ದನ್ನು ಅಂದಂದೇ ತಿಂದು ಮುಗಿಸುತ್ತಿರಲಿಲ್ಲ, ಮುಂದಿನ ತಿಂಗಳುಗಳಿಗೆ ಕೂಡಿಡುತ್ತಿದ್ದರು. ಆ ಕೂಡಿಟ್ಟದ್ದಕ್ಕೆ ಹುಳುವೂ ಬೀಳುತ್ತಿತ್ತು. ಹುಳುವಿಗೆ ತಂಪು ಬೇಕು. ಹೀಗಾಗಿ ಆಗಿನ ಹವೆ ಈಗಿನದಕ್ಕಿಂತ ತಂಪಾಗಿತ್ತು, ತೇವವೂ ಹೆಚ್ಚಿತ್ತು ಎಂದು ಸಸ್ಯಾವಶೇಷ, ಕೀಟಾವಶೇಷಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳು 2004ರಲ್ಲಿ ಬರೆದರು. ಒಂದು ಊರಿನ ಕಣಜ, ಒಂದು ಕಾಲದ ಹವೆ, ಎರಡಕ್ಕೂ ಅಕ್ಕಿಕಾಳಿನ ಗಾತ್ರದ ಹುಳುವೇ ಸಾಕ್ಷಿ.

ಎಲುಬುಗಳು ಇನ್ನೂ ಹತ್ತಿರದ ಮಾತು ಹೇಳುತ್ತವೆ. ತಣ್ಣನೆಯ ನೀರು ಪದೇ ಪದೇ ಒಳಹೊಕ್ಕರೆ ಕಿವಿಯ ನಾಳದ ಎಲುಬು ಗಂಟುಗಟ್ಟಿ ಬೆಳೆಯುತ್ತದೆ. ತಂಪು ಕಡಲುಗಳಲ್ಲಿ ಸರ್ಫಿಂಗ್ ಮಾಡುವವರಲ್ಲಿ, ಮುಳುಗುಗಾರರಲ್ಲಿ ಇಂದಿನ ವೈದ್ಯರು ಕಾಣುವ ತೊಂದರೆ ಅದು. ಅಟ್ಲಿಟ್ ಯಾಮಿನ ಗೋರಿಗಳಲ್ಲಿ ಕೆಲವು ಗಂಡಸರ ತಲೆಬುರುಡೆಗಳಲ್ಲಿ ಇಂಥ ಗಂಟುಗಳಿವೆ, ಹೆಂಗಸರಲ್ಲಿಲ್ಲ. ಒಕ್ಕಲುತನ ಮಾಡುವ ಊರಿನಲ್ಲಿ ಗಂಡಸರು ಚಳಿಯ ಕಡಲಿಗೆ ಮುಳುಗು ಹಾಕುತ್ತಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ಉತ್ಖನನದಲ್ಲಿ ಸಿಕ್ಕ ಸಾವಿರಾರು ಮೀನಿನ ಮುಳ್ಳುಗಳಲ್ಲಿ ಹೆಚ್ಚಿನವು ಬಂಡೆಗಳ ನಡುವೆ ಬದುಕುವ ಟ್ರಿಗರ್ ಮೀನಿನವು. ಹೊಲ ಮತ್ತು ಕಡಲು ಎರಡನ್ನೂ ನಂಬಿದ ಬದುಕು. ನಮ್ಮ ಕರಾವಳಿಯ ಎಷ್ಟೋ ಮನೆತನಗಳ ಬದುಕು ಇವತ್ತಿಗೂ ಹಾಗೆಯೇ ಇದೆ.

ಒಂದು ಗೋರಿಯಲ್ಲಿ ಇಪ್ಪತ್ತೈದರ ಆಸುಪಾಸಿನ ಹೆಂಗಸು, ಜೊತೆಗೆ ಒಂದು ವರ್ಷದ ಮಗು. ಇಬ್ಬರ ಎಲುಬುಗಳಲ್ಲೂ ಕ್ಷಯರೋಗದ ಗುರುತು ಸಿಕ್ಕಿತೆಂದು ಟೆಲ್ ಅವೀವ್ ವಿಶ್ವವಿದ್ಯಾಲಯದ ಇಸ್ರೇಲ್ ಹರ್ಷ್‌ಕೋವಿಟ್ಸ್, ಲಂಡನ್ನಿನ ಹೆಲೆನ್ ಡೊನಹ್ಯೂ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದರು. ರೋಗಾಣುವಿನ ಡಿಎನ್ಎ ಜೊತೆಗೆ ಅದರ ಹೊರಪದರದ ಕೊಬ್ಬಿನ ಅಂಶವನ್ನೂ ಅವರು ಗುರುತಿಸಿದ್ದರು. ದನ ಸಾಕತೊಡಗಿದ ಮೇಲೆ ದನಗಳಿಂದ ಕ್ಷಯ ಮನುಷ್ಯನಿಗೆ ಬಂತೆಂಬ ಹಳೆಯ ನಂಬಿಕೆ ಇತ್ತಲ್ಲ, ಅದನ್ನು ಈ ಅಧ್ಯಯನ ಪ್ರಶ್ನಿಸಿತು. ಇಲ್ಲಿ ಸಿಕ್ಕದ್ದು ಮನುಷ್ಯರನ್ನೇ ಕಾಡುವ ತಳಿ. ಸಾವಿರಾರು ವರ್ಷ ಮಣ್ಣು, ಮರಳು, ನೀರಿನ ಅಡಿಯಲ್ಲಿದ್ದ ತಾಯಿಯೋ ಅಕ್ಕನೋ ಚಿಕ್ಕಮ್ಮನೋ ಆದ ಆ ಹೆಂಗಸು, ಆ ಕೂಸು ವೈದ್ಯಶಾಸ್ತ್ರಕ್ಕೆ ಇಷ್ಟು ದೊಡ್ಡ ವಿಷಯ ಕೊಟ್ಟರು.

ಇಷ್ಟೆಲ್ಲ ಉಳಿಯಲು ಕಾರಣ ಮರಳು. ನೈಲ್ ನದಿ ತಂದು ಕಡಲಿಗೆ ಸುರಿದ ಮರಳನ್ನು ತೀರದ ಪ್ರವಾಹಗಳು ಉತ್ತರಕ್ಕೆ ಒಯ್ದು ಈ ತೀರದ ಮೇಲೆ ಹಾಸಿದವು. ಅದರಡಿ ಜೇಡಿಯಲ್ಲಿ ಗಾಳಿಯಾಡದೆ ಕೊಳೆತದ್ದು ಕಡಿಮೆ. ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಡಗಳಿಗಾಗಿ ಮರಳು ತೆಗೆದದ್ದರಿಂದ ಹೊದಿಕೆ ತೆಳುವಾಯಿತು. ಈಗ ಚಳಿಗಾಲದ ದೊಡ್ಡ ಬಿರುಗಾಳಿ ಬಂದು ಹೋದರೆ ಮರಳು ಸರಿದು ಊರಿನ ಒಂದೊಂದು ತುಂಡು ಹೊರಬೀಳುತ್ತದೆ. ಮರಳು ಮತ್ತೆ ಮುಚ್ಚುವುದರೊಳಗೆ ಮುಳುಗುಗಾರರು ಅಳೆದು, ಚಿತ್ರ ತೆಗೆದು, ಎತ್ತಬೇಕಾದದ್ದನ್ನು ಎತ್ತಬೇಕು. ತೆರೆದುಕೊಂಡದ್ದನ್ನು ಹಾಗೇ ಬಿಟ್ಟರೆ ಅಲೆಗಳು ಅದನ್ನು ಅಳಿಸಿಬಿಡುತ್ತವೆ.

ಅಲೆಯ ವಾದ

ಅಟ್ಲಿಟ್ ಯಾಮಿಗೂ ಒಂದು ಪ್ರಳಯದ ಕಥೆಯನ್ನು ಕಟ್ಟಲಾಯಿತು. ಸುಮಾರು 8,000 ವರ್ಷಗಳ ಹಿಂದೆ ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಒಂದು ಮಗ್ಗುಲು ಕುಸಿದು ಕಡಲಿಗೆ ಬಿತ್ತು. ಅದರಿಂದೆದ್ದ ಸುನಾಮಿ ಪೂರ್ವ ಮೆಡಿಟರೇನಿಯನ್ನನ್ನು ದಾಟಿ ಬಂದು ಈ ಊರನ್ನು ಹಾಳುಮಾಡಿರಬೇಕು ಎಂದು ಇಟಲಿಯ ವಿಜ್ಞಾನಿಗಳು 2007ರಲ್ಲಿ ವಾದಿಸಿದರು. ರಾಶಿ ಬಿದ್ದ ಮೀನು, ಬಿಟ್ಟುಹೋದ ಮನೆಗಳು ಅವರಿಗೆ ಸಾಕ್ಷಿಯಾಗಿ ಕಂಡವು. ಗಲೀಲಿ ಮತ್ತು ಸಂಗಡಿಗರು ಮರುವರ್ಷವೇ ಉತ್ತರ ಕೊಟ್ಟರು. ಅವರ ದೃಷ್ಟಿಯಲ್ಲಿ ಆ ಮೀನು ಜನ ಹಿಡಿದು ಕೂಡಿಟ್ಟದ್ದು, ಅಲೆ ತಂದೆಸೆದದ್ದಲ್ಲ. ಊರು ಬಿಡಿಸಿದ್ದು ಮೆಲ್ಲನೆ ಏರಿದ ಕಡಲು. ಉಪ್ಪಾಗಿ ಕಸ ತುಂಬಿದ ಬಾವಿಯನ್ನು ನೋಡಿದವರಿಗೆ ಎರಡನೆಯ ವಾದವೇ ಹೆಚ್ಚು ಒಪ್ಪುತ್ತದೆ, ನನಗೂ ಅಷ್ಟೆ.

ಇದೇ ಚರ್ಚೆ ಉತ್ತರ ಸಮುದ್ರದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಬ್ರಿಟನ್, ನೆದರ್‌ಲ್ಯಾಂಡ್ಸ್, ಡೆನ್ಮಾರ್ಕುಗಳ ನಡುವಿನ ಆ ಕಡಲು ಹಿಮಯುಗದ ಕೊನೆಗೆ ನೆಲವಾಗಿತ್ತು. 1931ರಲ್ಲಿ ಕೊಲಿಂಡಾ ಎಂಬ ಟ್ರಾಲರ್ ನಾರ್ಫೋಕ್ ತೀರದಿಂದ ಸುಮಾರು 40 ಕಿಲೋಮೀಟರ್ ಆಚೆ ಬಲೆ ಎಳೆದಾಗ, ಕೊಳೆತ ಸಸ್ಯಗಳ ಕಪ್ಪು ಹೆಂಟೆಯೊಂದು ಮೇಲೆ ಬಂತು. ಇಂಥ ಪೀಟ್ ಹೆಂಟೆಗಳು ಬಲೆಗೆ ಬಿದ್ದರೆ ಮೀನುಗಾರರು ಸಾಮಾನ್ಯವಾಗಿ ತಿರುಗಿ ಕಡಲಿಗೇ ಎಸೆಯುತ್ತಿದ್ದರು. ಈ ಸಲ ಸಲಿಕೆಗೆ ಗಟ್ಟಿಯಾದದ್ದೇನೋ ತಗುಲಿತು. ಅದು ಜಿಂಕೆಯ ಕೊಂಬಿನಿಂದ ಕೆತ್ತಿದ, ಒಂದು ಬದಿಗೆ ಸಾಲು ಮುಳ್ಳುಗಳಿದ್ದ ಈಟಿಯ ಮೊನೆ, 21 ಸೆಂಟಿಮೀಟರಿಗಿಂತ ತುಸು ಹೆಚ್ಚು ಉದ್ದ. ಪೀಟಿನಲ್ಲಿದ್ದ ಪರಾಗಕಣಗಳನ್ನು ಪರೀಕ್ಷಿಸಿದ ಕೇಂಬ್ರಿಜ್‌ನ ಹ್ಯಾರಿ ಗಾಡ್ವಿನ್, ಅದು ಸಿಹಿನೀರಿನ ಜೌಗಿನಲ್ಲಿ ಬೆಳೆದದ್ದು ಎಂದು ತೋರಿಸಿದರು. ದೋಣಿಯಿಂದ ಜಾರಿ ಬಿದ್ದ ಆಯುಧ ಅದಲ್ಲ, ನೆಲದ ಮೇಲೆ ನಿಂತ ಬೇಟೆಗಾರ ಕಳೆದುಕೊಂಡದ್ದು.

ಆ ಮೇಲೂ ದಶಕಗಳ ಕಾಲ ವಿದ್ವಾಂಸರ ನಕಾಶೆಗಳಲ್ಲಿ ಆ ನೆಲ ಬರೀ ಸೇತುವೆಯಾಗಿತ್ತು, ಯೂರೋಪಿನಿಂದ ಬ್ರಿಟನ್ನಿಗೆ ಜನ ದಾಟಿದ ದಾರಿ. ಬ್ರಯೊನಿ ಕೋಲ್ಸ್ 1998ರಲ್ಲಿ ಡಾಗರ್‌ಲ್ಯಾಂಡ್ ಎಂದು ಹೆಸರಿಟ್ಟು, ಇದು ಜನ ವಾಸವಾಗಿದ್ದ ನಾಡು, ಇದನ್ನು ನಾಡಾಗಿಯೇ ಓದಬೇಕು ಎಂದರು. ಆಮೇಲೆ ವಿನ್ಸೆಂಟ್ ಗ್ಯಾಫ್ನಿ ಮತ್ತು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ ತೈಲ ಕಂಪನಿಗಳ ಭೂಕಂಪನ ಸಮೀಕ್ಷೆಯ ದತ್ತಾಂಶವನ್ನು ಕೇಳಿ ಪಡೆಯಿತು. ತೈಲ ಹುಡುಕುವವರಿಗೆ ಬೇಕಾದದ್ದು ಆಳದ ಪದರಗಳು; ಮೇಲಿನ ಕೆಲವೇ ಮೀಟರುಗಳು ಅವರಿಗೆ ಕೆಲಸಕ್ಕೆ ಬಾರವು. ಆ ಬೇಡದ ಪದರದಿಂದಲೇ 23,000 ಚದರ ಕಿಲೋಮೀಟರಿನ ನದಿ, ಸರೋವರ, ಜೌಗು, ಹಳೆಯ ತೀರರೇಖೆಗಳ ನಕಾಶೆ ಮೂಡಿತು.

ಅಲ್ಲಿನ ಜನ ಏನು ತಿನ್ನುತ್ತಿದ್ದರು ಎಂಬುದೂ ಈಗ ತಿಳಿದಿದೆ. ಡಚ್ ತೀರದಲ್ಲಿ ಹೂಳೆತ್ತುವಾಗ, ಬಲೆ ಎಳೆಯುವಾಗ ಸಿಕ್ಕ ಮನುಷ್ಯರ ಎಲುಬುಗಳಲ್ಲಿನ ಇಂಗಾಲ ಮತ್ತು ಸಾರಜನಕದ ಸಮಸ್ಥಾನಿಗಳನ್ನು ಅಳೆದರು. ಹುಲ್ಲು ತಿನ್ನುವ ಪ್ರಾಣಿಯಿಂದ ಅದನ್ನು ತಿನ್ನುವ ಪ್ರಾಣಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋದಂತೆ ಸಾರಜನಕದ ಭಾರದ ರೂಪ ಹೆಚ್ಚುತ್ತದೆ; ಉಂಡದ್ದು ಎಲುಬಿನಲ್ಲಿ ದಾಖಲಾಗುತ್ತದೆ. ನೆಲ ಒದ್ದೆಯಾಗುತ್ತ ಬಂದ ಕಾಲದ ಎಲುಬುಗಳಲ್ಲಿ ಸಿಹಿನೀರಿನ ಮೀನಿನ ಪಾಲು ಎದ್ದು ಕಾಣುತ್ತದೆ. ಕಾಡು ಜೌಗಾದಾಗ ಜನ ಜೌಗನ್ನೇ ಉಂಡರು.

ಇನ್ನು ಅಲೆಯ ವಿಷಯ. ಸುಮಾರು 8,150 ವರ್ಷಗಳ ಹಿಂದೆ ನಾರ್ವೆಯ ತೀರದಾಚೆ ಸ್ಟೊರೆಗ್ಗಾ ಎಂಬಲ್ಲಿ ಕಡಲತಳದ ಇಳಿಜಾರು ಕುಸಿಯಿತು. ಜಾರಿದ ಮಣ್ಣು ಸುಮಾರು 3,000 ಘನ ಕಿಲೋಮೀಟರ್. ಸುನಾಮಿ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ 20 ಮೀಟರಿಗಿಂತ ಎತ್ತರಕ್ಕೆ ಏರಿತು. ನಾರ್ವೆಯಲ್ಲಿ ಅದು ಹೂತುಬಿಟ್ಟ ಪಾಚಿಗಳ ಬೆಳವಣಿಗೆ ನೋಡಿ, ಅಲೆ ಬಂದದ್ದು ಚಳಿಗಾಲಕ್ಕೆ ತುಸು ಮೊದಲು ಎಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಚಳಿಗಾಲಕ್ಕೆ ಕೂಡಿಟ್ಟ ಆಹಾರ, ತೀರದ ಬಿಡಾರ, ದೋಣಿಗಳು ಒಟ್ಟಿಗೇ ಹೋದ ಹೊತ್ತು ಅದಾಗಿರಬೇಕು. ಅದರಲ್ಲಿ ಸತ್ತವರ ಸಂಕಟವನ್ನು ಯಾರೂ ಹಗುರ ಮಾಡಲಾರರು. ಆದರೆ ಡಾಗರ್‌ಲ್ಯಾಂಡ್ ಅಂದೇ ಮುಗಿಯಿತೆಂಬ ವಾದ ಗಟ್ಟಿಯಾಗಿ ನಿಲ್ಲಲಿಲ್ಲ. ಗ್ಯಾಫ್ನಿಯವರ ತಂಡ ನಾರ್ಫೋಕ್ ತೀರದಾಚೆಯ ಕಡಲತಳದಿಂದ ಕೊರೆದು ತೆಗೆದ ಮಣ್ಣಿನ ಕಂಬದಲ್ಲಿ ಸುನಾಮಿಯ ಪದರ ಸಿಕ್ಕಿತು. ನುಚ್ಚಾದ ಚಿಪ್ಪು, ಕಲ್ಲುಗಳ ಆ ಪದರದ ಮೇಲೆ, ನೆಲ ಚೇತರಿಸಿಕೊಂಡ ಸೂಚನೆಯೂ ಇತ್ತು. ಕೆಲವು ಕಣಿವೆಗಳು ಪೆಟ್ಟು ತಿಂದವು, ಎತ್ತರದ ನೆಲ ಉಳಿಯಿತು ಎಂದು 2020ರಲ್ಲಿ ಅವರು ಬರೆದರು. ಕೊನೆಗೆ ಆ ನಾಡನ್ನು ನುಂಗಿದ್ದು ಏರುತ್ತಲೇ ಇದ್ದ ಕಡಲಿನ ಮಟ್ಟ.

ನಮ್ಮ ಅರಬ್ಬೀ ಸಮುದ್ರ

ಹಿಮಯುಗದ ತುದಿಗಾಲದಲ್ಲಿ, 20,000 ವರ್ಷಗಳ ಹಿಂದೆ, ಜಗತ್ತಿನ ಕಡಲುಗಳೆಲ್ಲ ಇವತ್ತಿಗಿಂತ ಸುಮಾರು 120 ಮೀಟರ್ ತಗ್ಗಿದ್ದವು. ಮಂಗಳೂರಿನಿಂದ ಕಾರವಾರದ ತನಕದ ತೀರವೂ ಆಗ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕಿತ್ತು. ನೇತ್ರಾವತಿ, ಶರಾವತಿ, ಕಾಳಿ ನದಿಗಳು ಈಗ ಟ್ರಾಲರುಗಳು ಓಡಾಡುವ ಜಾಗದಲ್ಲಿ ನೆಲದ ಮೇಲೆ ಹರಿಯುತ್ತಿದ್ದವು. ಪರಶುರಾಮನ ಕೊಡಲಿಗೆ ಅಂಜಿ ಕಡಲು ಹಿಂದೆ ಸರಿಯಿತೆಂದು ನಮ್ಮ ಪುರಾಣ. ಭೂವಿಜ್ಞಾನ ಹೇಳುವುದು ಕಡಲು ಮುಂದೆ ಬಂದ ಕಥೆಯನ್ನು. ಸಂಗನಕಲ್ಲು, ಬ್ರಹ್ಮಗಿರಿ, ಮಸ್ಕಿ, ಹಳ್ಳೂರು ಎಂದು ನಾವು ಹೆಮ್ಮೆಯಿಂದ ಹೇಳುವ ನವಶಿಲಾಯುಗದ ನೆಲೆಗಳೆಲ್ಲ ಒಳನಾಡಿನವು. ಅವಕ್ಕೂ ಮೊದಲಿನ ಶಿಲಾಯುಗದವರು ಕಂಡ ಕಡಲತೀರ ಈಗ ನೀರಿನಡಿಯಲ್ಲಿದೆ.

ಭಾರತದ ಕಡಲ ಪುರಾತತ್ತ್ವಕ್ಕೆ ಅಡಿಪಾಯ ಹಾಕಿದವರು ಕನ್ನಡಿಗರು, ಶಿಕಾರಿಪುರ ರಂಗನಾಥ ರಾವ್. ಗುಜರಾತಿನ ಲೋಥಲ್‌ನಲ್ಲಿ ಹರಪ್ಪಾ ಕಾಲದ ಊರನ್ನು 1950ರ ದಶಕದಲ್ಲಿ ಅಗೆದು ತೆಗೆದವರು ಅವರೇ. ಆಮೇಲೆ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡು ದ್ವಾರಕೆಯ ನೀರಿನಲ್ಲಿ ಶೋಧ ನಡೆಸಿದರು. ಅಲ್ಲಿ ಕಲ್ಲಿನ ಲಂಗರುಗಳು ಹೇರಳವಾಗಿ ಸಿಕ್ಕವು. ಅವುಗಳಲ್ಲಿ ಬಹುಪಾಲು ಚಾರಿತ್ರಿಕ ಕಾಲದ ಬಂದರಿನವು ಎಂದು ಅದೇ ಸಂಸ್ಥೆಯ ನಂತರದ ಸಂಶೋಧಕರು ತೀರ್ಮಾನಿಸಿದರು. ಜನ ಕೇಳಿದ್ದು ಮುಳುಗಿದ ನಗರಿ, ಕಡಲು ಕೊಟ್ಟದ್ದು ಶತಮಾನಗಳ ಹಡಗು ವ್ಯಾಪಾರದ ಸಾಕ್ಷಿ. ಎರಡನೆಯದು ಕಡಿಮೆಯದೇನಲ್ಲ.

ಖಂಭಾತ್ ಕೊಲ್ಲಿಯ ಪ್ರಸಂಗದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕಿತ್ತು. 2000ದ ಆಸುಪಾಸಿನಲ್ಲಿ ಅಲ್ಲಿ ಸೋನಾರ್ ಚಿತ್ರಗಳಲ್ಲಿ ಚೌಕಾಕಾರದ ಗುರುತುಗಳು ಕಂಡವು. ತಳದಿಂದ ಬಾಚಿ ತೆಗೆದ ಮರದ ತುಂಡೊಂದರ ವಯಸ್ಸು 9,500 ವರ್ಷ ಎಂದು ಬಂತು. ಹರಪ್ಪಾಕ್ಕಿಂತ ಹಳೆಯ ನಗರ ಸಿಕ್ಕಿತೆಂದು ಘೋಷಣೆಯೂ ಆಯಿತು. ಆ ಕೊಲ್ಲಿಯ ಉಬ್ಬರವಿಳಿತ ಬಲು ಬಿರುಸು. ಎಲ್ಲಿಯದೋ ಮರ ಎಲ್ಲಿಗೋ ಬಂದು ನಿಲ್ಲುತ್ತದೆ. ಮರ ಹಳೆಯದು ಎಂದ ಮಾತ್ರಕ್ಕೆ ನಗರ ಹಳೆಯದಾಗದು. ವಸ್ತು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತೆಂಬುದು ತಿಳಿಯದಿದ್ದರೆ ಅರ್ಧ ಸಾಕ್ಷಿ ಹೋದಂತೆ. ಅಟ್ಲಿಟ್ ಯಾಮಿನ ಹುಳುವಿಗೆ ಅಷ್ಟು ಬೆಲೆ ಬಂದದ್ದು ಅದು ಬಾವಿಯ ತಳದ ಕಸದೊಳಗೇ ಇತ್ತೆಂಬುದರಿಂದ. ಬಂದರು, ಪೈಪ್‌ಲೈನ್, ತೈಲಶೋಧಕ್ಕಾಗಿ ನಮ್ಮ ಪಶ್ಚಿಮ ತೀರದಲ್ಲೂ ಕಡಲತಳದ ಸಮೀಕ್ಷೆಗಳು ನಡೆಯುತ್ತಲೇ ಇವೆ. ಗ್ಯಾಫ್ನಿಯವರಿಗೆ ಸಿಕ್ಕಂತೆ ಆ ದತ್ತಾಂಶ ನಮ್ಮ ಪುರಾತತ್ತ್ವಜ್ಞರ ಕೈಗೂ ಸಿಗಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಗೋಡೆ

ಮತ್ತೆ ಕಾರ್ಮೆಲ್ ತೀರಕ್ಕೆ. ಅಟ್ಲಿಟ್ ಯಾಮನ್ನು ಬಿಟ್ಟು ಸುಮಾರು ಸಾವಿರ ವರ್ಷ ಕಳೆದ ಮೇಲೆ ಅದೇ ತೀರದಲ್ಲಿ ಟೆಲ್ ಹ್ರೈಜ್ ಎಂಬ ಇನ್ನೊಂದು ಊರಿತ್ತು. ಅದೂ ಈಗ ನೀರಿನಡಿ. ಅದರ ಕಡಲಬದಿಯಲ್ಲಿ, ಸುಮಾರು ಮೂರು ಮೀಟರ್ ಆಳದಲ್ಲಿ, ನೂರು ಮೀಟರಿಗಿಂತ ಉದ್ದದ ಬಂಡೆಗಳ ಸಾಲು ಕಂಡಿತು. ಕೆಲವು ಬಂಡೆಗಳ ತೂಕ ಒಂದು ಟನ್. ಆಸುಪಾಸಿನಲ್ಲಿ ಅಂಥ ಬಂಡೆಗಳಿಲ್ಲ, ದೂರದಿಂದ ತಂದದ್ದು. ಇದು ಕಡಲಿಗೆ ಎದುರಾಗಿ ಕಟ್ಟಿದ ತಡೆಗೋಡೆ, ಈವರೆಗೆ ಗೊತ್ತಿರುವವುಗಳಲ್ಲಿ ಅತ್ಯಂತ ಹಳೆಯದು ಎಂದು ಗಲೀಲಿ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದರು. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಲಾರಿಗಟ್ಟಲೆ ಬಂಡೆ ಸುರಿಯುವುದನ್ನು ಕಂಡವರಿಗೆ ಈ ಗೋಡೆ ಕಟ್ಟಿದವರ ಯೋಚನೆಯನ್ನು ಬಿಡಿಸಿ ಹೇಳಬೇಕಿಲ್ಲ. ಲಾರಿ ಇರಲಿಲ್ಲ, ಕಬ್ಬಿಣವೂ ಇರಲಿಲ್ಲ, ಅಷ್ಟೆ. ಊರವರೆಲ್ಲ ಕೂಡಿ ಮಾತಾಡಿ ಒಪ್ಪದೆ, ಕೈಗೆ ಕೈ ಸೇರಿಸದೆ ಆ ಬಂಡೆಗಳು ಕದಲುವಂತಿರಲಿಲ್ಲ.

ಆಗ ಅಲ್ಲಿ ಕಡಲು ಏರುತ್ತಿದ್ದದ್ದು ವರ್ಷಕ್ಕೆ 4ರಿಂದ 7 ಮಿಲಿಮೀಟರ್. ಮೂವತ್ತು ವರ್ಷದಲ್ಲಿ ಅರ್ಧ ಗೇಣಿನಿಂದ ಒಂದು ಗೇಣು ಎನ್ನಬಹುದು. ಒಂದು ಆಯುಷ್ಯದಲ್ಲಿ ಕಣ್ಣಿಗೆ ಕಾಣುವ ಏರಿಕೆ ಇದು. ಹಿಂದೆ ಅಂಗಳದಾಚೆ ನಿಲ್ಲುತ್ತಿದ್ದ ಬಿರುಗಾಳಿಯ ಅಲೆ ಈಗ ಮನೆಯ ಗೋಡೆಗೆ ಬಡಿಯುತ್ತದೆ ಎಂದು ಅಜ್ಜ ಮೊಮ್ಮಗನಿಗೆ ಹೇಳಬಹುದಾದಷ್ಟು. ಗೋಡೆ ಕೆಲವು ಕಾಲ ಕಾಪಾಡಿತೇನೋ. ಕೊನೆಗೆ ಆ ಊರನ್ನೂ ಬಿಡಬೇಕಾಯಿತು.

ಮರದ ಲೆಕ್ಕ

ಕಡಲತಳದ ಪುರಾತತ್ತ್ವಕ್ಕೆ ಡೆನ್ಮಾರ್ಕು ತವರು. ಅಲ್ಲಿನ ನೆಲದ ಮೇಲೆ ಶಿಲಾಯುಗದವರು ತಿಂದು ಎಸೆದ ಚಿಪ್ಪುಗಳ ದಿಬ್ಬಗಳಿವೆ. ಎರ್ಟೆಬೊಲೆಯ ದಿಬ್ಬ 140 ಮೀಟರ್ ಉದ್ದ. ಚಿಪ್ಪು, ಎಲುಬು, ಕಲ್ಲು, ದಪ್ಪ ಮಡಕೆಯ ಚೂರು. ಇಷ್ಟೇ ನೋಡಿದವರಿಗೆ ಅವರು ಒರಟು ಬೇಟೆಗಾರರಾಗಿ ಕಂಡಾರು. ನೀರಿನಡಿಯ ಟಿಬ್ರಿಂಡ್ ವಿಗ್ ಎಂಬ ನೆಲೆಯನ್ನು 1978ರಿಂದ ಹತ್ತು ವರ್ಷ ಅಗೆದಾಗ ಅದೇ ಜನರ ಇನ್ನೊಂದು ಮುಖ ಕಂಡಿತು. ಲಿಂಡನ್ ಮರದ ಒಂದೇ ದಿಮ್ಮಿಯಲ್ಲಿ ಕೊರೆದ ಒಂಬತ್ತೂವರೆ ಮೀಟರಿನ ದೋಣಿ, ಅದರೊಳಗೆ ಬೆಂಕಿ ಹೊತ್ತಿಸಲು ಮಾಡಿದ ಮಣ್ಣಿನ ಒಲೆ, ದಾರ ಇನ್ನೂ ಅಂಟಿಕೊಂಡಿದ್ದ ಎಲುಬಿನ ಗಾಳ, ನಾರಿನಿಂದ ಹೆಣೆದ ಬಟ್ಟೆಯ ಚೂರು. ಹುಟ್ಟುಗಳ ಅಲಗಿನ ಮೇಲೆ ಗೆರೆ ಗೆರೆಯಾಗಿ ಕೊರೆದು ಕಂದು ಬಣ್ಣ ತುಂಬಿದ ಚಿತ್ತಾರ. ನೀರಿನಲ್ಲಿ ಮುಳುಗೇಳುವ ಹುಟ್ಟಿಗೂ ಚೆಲುವು ಬೇಕೆಂದವರು ಅವರು. ನೆಲ ಉಳಿಸಿಕೊಂಡದ್ದನ್ನಷ್ಟೇ ನೋಡಿದ್ದರೆ ಈ ಮಾತು ನಮಗೆ ಎಂದೂ ತಿಳಿಯುತ್ತಿರಲಿಲ್ಲ.

2025ರಲ್ಲಿ ಆರ್ಹುಸ್ ನಗರದ ಬಳಿಯ ಕೊಲ್ಲಿಯಲ್ಲಿ, ಎಂಟು ಮೀಟರ್ ಆಳದಲ್ಲಿ, ಪೀಟರ್ ಮೋ ಆಸ್ಟ್ರುಪ್ ಅವರ ತಂಡ 8,500 ವರ್ಷ ಹಳೆಯ ಕಡಲತೀರದ ಬಿಡಾರವೊಂದನ್ನು ಅಗೆಯಿತು. ನೀರಿನಡಿ ಹೂಳನ್ನು ಹೀರುವ ಕೊಳವೆ ಹಿಡಿದು ಚೂರುಚೂರೇ ತೆಗೆದಾಗ ಬಾಣದ ಮೊನೆ, ಪ್ರಾಣಿಗಳ ಎಲುಬು, ಸೀಲ್ ಪ್ರಾಣಿಯ ಹಲ್ಲು, ಕೆತ್ತಿದ ಮರದ ಸಣ್ಣ ತುಂಡು ಸಿಕ್ಕವು. ಆ ಕಾಲಕ್ಕೆ ಅಲ್ಲಿ ಕಡಲು ಏರುತ್ತಿದ್ದದ್ದು ಶತಮಾನಕ್ಕೆ ಸುಮಾರು 2 ಮೀಟರ್, ಟೆಲ್ ಹ್ರೈಜ್‌ನ ಮೂರರಿಂದ ಐದು ಪಟ್ಟು. ಬಿಡಾರದ ಜೊತೆಗೆ ಮುಳುಗಿದ ಕಾಡಿನ ಬೊಡ್ಡೆಗಳೂ ಆ ಕಡಲತಳದಲ್ಲಿ ಉಳಿದಿವೆ. ಮರದ ಒಂದೊಂದು ಉಂಗುರ ಒಂದೊಂದು ವರ್ಷ. ಬೇರಿಗೆ ಉಪ್ಪುನೀರು ತಗುಲಿ ಮರ ಸತ್ತಾಗ ಉಂಗುರಗಳು ನಿಲ್ಲುತ್ತವೆ. ಬೇರೆ ಬೇರೆ ಆಳದ ಬೊಡ್ಡೆಗಳ ಕೊನೆಯ ಉಂಗುರಗಳನ್ನು ಒಂದಕ್ಕೊಂದು ತಾಳೆ ಹಾಕಿದರೆ ಕಡಲು ಯಾವ ವರ್ಷ ಎಲ್ಲಿಯ ತನಕ ಬಂತೆಂದು ಹೇಳಬಹುದು. ಸಂಶೋಧಕರು ಈಗ ಆ ಕೆಲಸದಲ್ಲಿದ್ದಾರೆ. ಅದು ಮುಗಿದರೆ, ಆರ್ಹುಸ್ ಕೊಲ್ಲಿಯ ದಡದಲ್ಲಿ ಹುಟ್ಟಿದ ಒಬ್ಬ ಹುಡುಗಿ ಮುದುಕಿಯಾಗುವುದರೊಳಗೆ ತನ್ನವರ ಬಿಡಾರ ಎಷ್ಟು ಸಲ ಹಿಂದಕ್ಕೆ ಸರಿದದ್ದನ್ನು ಕಂಡಿರಬಹುದೆಂದು ಲೆಕ್ಕ ಹಾಕಬಹುದು.